ಕೂಸಿನ್ನ ಕೇಳೀಯೇನು?

2015ರ ಜೂನ್ ತಿಂಗಳ ಒಂದು ರಾತ್ರಿ ಧಾರವಾಡದಿಂದ ಅವ್ವನ ಫೋನು ಬಂತು. ಪುಣೆಯಲ್ಲಿ ಮಳೆ ಆಗಷ್ಟೇ ಹಿಡಿದಿತ್ತು. ಯಾವಾಗಲೂ ಮಳೆ, ಬೆಳೆ, ಮೊಣಕಾಲು ನೋವು ಎಂದು ಸುತ್ತಿ ಬಳಸಿ ವಿಷಯಕ್ಕೆ ಬರುವ ಅವ್ವ ಅವತ್ತು ಅದ್ಯಾವುದೂ ಇಲ್ಲದೆ ನೇರವಾಗಿ ಕೇಳಿದಳು.

“ಕೂಸಿನ ಸಾಲಿ ಬಿಡಿಸೀಯಂತ, ಖರೇನು?”

“ಬಿಡಿಸಿಲ್ಲವ್ವಾ, ಮನ್ಯಾಗ ಕಲಸ್ತೀವಿ. ಅದಕ್ಕ ಹೋಂ ಸ್ಕೂಲಿಂಗ್ ಅಂತಾರ.”

“ಹೆಸರು ಏನರ ಇರ್ಲಿ. ಸಾಲಿಗೆ ಹೊಂಟಿದ್ಲು, ಈಗ ಹೋಗೂದಿಲ್ಲ. ಅಂದ್ರ ಬಿಡಿಸ್ದಂಗ ಅಲ್ಲೇನು?”

ನಮ್ಮ ಕಡೆ ‘ಸಾಲಿ ಬಿಡಿಸೋದು’ ಎನ್ನುವ ಮಾತಿಗೆ ಒಂದೇ ಅರ್ಥ. ಮನೆಯಲ್ಲಿ ಇಲ್ಲ ಎಂದಾಗ, ತಾಯಿ ಹಾಸಿಗೆ ಹಿಡಿದಾಗ, ಸಣ್ಣ ತಮ್ಮನನ್ನು ಎತ್ತಿಕೊಳ್ಳಲು ಯಾರೂ ಇಲ್ಲದಾಗ ಹುಡುಗಿಯ ಸಾಲಿ ಬಿಡಿಸುತ್ತಾರೆ. ಅವ್ವನದ್ದೂ ಹಾಗೇ ಆಯಿತು. ನಾಲ್ಕನೇ ಇಯತ್ತೆಗೆ ಅವಳ ಪಾಟಿ ಅಟ್ಟ ಸೇರಿತು. ಬಸ್ಸಿನ ಬೋರ್ಡು, ಮದುವೆ ಕಾರ್ಡು, ದವಾಖಾನೆಯ ಚೀಟಿಯ ಮೇಲಿನ ಹೆಸರು, ಇಷ್ಟನ್ನು ಓದುವುದಕ್ಕೆ ಮಾತ್ರ ಆ ನಾಲ್ಕು ವರ್ಷ ಸಾಕಾಗಿತ್ತು. ಆದರೆ ನಮ್ಮ ನಾಲ್ಕೂ ಜನ ಮಕ್ಕಳ ಶಾಲೆಯ ಫೀ ತುಂಬುವ ದಿನ ಯಾವುದು ಎಂಬುದು ಅಪ್ಪನಿಗಿಂತ ಅವಳಿಗೇ ಚೆನ್ನಾಗಿ ನೆನಪಿರುತ್ತಿತ್ತು.

ನಾನು ಒಂದಿಷ್ಟು ವಾದ ಮಂಡಿಸಿದೆ. ಶಾಲೆ ಎಂದರೆ ಕಾರ್ಖಾನೆ ಇದ್ದ ಹಾಗೆ, ಎಲ್ಲ ಮಕ್ಕಳನ್ನೂ ಒಂದೇ ಅಚ್ಚಿಗೆ ಹಾಕುತ್ತದೆ, ರವೀಂದ್ರನಾಥ ಟಾಗೋರರೂ ಶಾಲೆ ಬಿಟ್ಟವರೇ, ಹೀಗೆ. ಅವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹೇಳಿದಳು:

“ನನ್ನ ಸಾಲಿ ಬಿಡಿಸಿದಾಗ ನನ್ನ ಯಾರೂ ಒಂದು ಮಾತು ಕೇಳ್ಲಿಲ್ಲ. ನೀ ಶ್ಯಾಣ್ಯಾ ಇದ್ದೀ, ಓದೀದೀ. ನೀನರ ಕೂಸಿನ್ನ ಕೇಳೀಯೇನು?”

ಕೇಳಿರಲಿಲ್ಲ. ಮಗಳಿಗೆ ‘ಹೇಳಿದ್ದೆವು’. ಹೇಳುವುದಕ್ಕೂ ಕೇಳುವುದಕ್ಕೂ ಇರುವ ಅಂತರ ಅರ್ಥವಾಗಲು ನನಗೆ ಮುಂದೆ ನಾಲ್ಕು ವರ್ಷ ಬೇಕಾಯಿತು.

ಶಾಲೆ ಬಿಡಿಸಿದ್ದಕ್ಕೆ ಕಾರಣ ದೊಡ್ಡದೇನಲ್ಲ. ಎರಡನೇ ಇಯತ್ತೆಯಲ್ಲಿದ್ದಾಗ ಮಗಳು 82ರಲ್ಲಿ 47 ಕಳೆಯುವ ಲೆಕ್ಕ ಮಾಡಿದ್ದಳು. ಉತ್ತರ 35 ಸರಿಯಾಗಿಯೇ ಇತ್ತು. ಆದರೆ ಅವಳು ‘ದಶಕದಿಂದ ಸಾಲ’ ತೆಗೆದುಕೊಂಡಿರಲಿಲ್ಲ. 47ಕ್ಕೆ 3 ಸೇರಿಸಿದರೆ 50, 50ರಿಂದ 82ಕ್ಕೆ 32, ಒಟ್ಟು 35. ನಮ್ಮ ಓಣಿಯ ತರಕಾರಿ ಮಾರುವ ಮಾವಶಿ ಚಿಲ್ಲರೆ ವಾಪಸು ಕೊಡುವಾಗ ಎಣಿಸುವ ರೀತಿ ಅದು. ನೋಡಿ ಕಲಿತಿದ್ದಳು. ವಹಿಯ ಪುಟದ ತುಂಬ ಕೆಂಪು ಗೆರೆ ಬಂತು. ಅದರ ಕೆಳಗೆ ‘ಕ್ಲಾಸಿನಲ್ಲಿ ಹೇಳಿಕೊಟ್ಟ ರೀತಿಯಲ್ಲೇ ಮಾಡಬೇಕು’ ಎಂದು ಬರೆದಿತ್ತು. ಈಗ ಯೋಚಿಸಿದರೆ ಆ ಶಿಕ್ಷಕಿಯ ಮೇಲೆ ನನಗೆ ಸಿಟ್ಟಿಲ್ಲ. ಐವತ್ತು ಮಕ್ಕಳ ವಹಿ ತಿದ್ದುವವರಿಗೆ ಐವತ್ತು ದಾರಿಗಳನ್ನು ನೋಡಲು ಪುರಸೊತ್ತು ಎಲ್ಲಿಂದ ಬರಬೇಕು? ಆದರೆ ಅವತ್ತು ಮೈಯೆಲ್ಲ ಉರಿದಿತ್ತು. ಪುಸ್ತಕಗಳನ್ನು ತರಿಸಿ ಓದಿದೆ. ಇವಾನ್ ಇಲಿಚ್ 1971ರಲ್ಲಿ ಶಾಲೆಯೇ ಬೇಡವೆಂದು ವಾದಿಸಿದ್ದು, ಅಮೆರಿಕದ ಜಾನ್ ಹೋಲ್ಟ್ ತರಗತಿಯಲ್ಲಿ ಕೂತು ಮಕ್ಕಳು ಹೇಗೆ ಸೋಲುತ್ತಾರೆಂದು ಗಮನಿಸಿ ಬರೆದಿದ್ದು, ಎಲ್ಲವೂ ನನ್ನ ಪರವಾಗಿಯೇ ಮಾತನಾಡಿದವು. ಮೊದಲೇ ತೀರ್ಮಾನ ಮಾಡಿಕೊಂಡು ಓದಲು ಕೂತವನಿಗೆ ಪುಸ್ತಕಗಳು ಬೇರೆ ಏನು ಹೇಳಿಯಾವು?

ಮನೆಯಲ್ಲಿ ಹೊಸ ರೀತಿಯ ಶಾಲೆ ಎಂದು ಶುರು ಮಾಡಿದೆವು. ಹೊಸದು ಎಂದರೆ ಏನಿತ್ತು ಗೊತ್ತೇ? ಹಾಲಿನ ಗೋಡೆಗೆ ಬಿಳಿ ಬೋರ್ಡು, ಫ್ರಿಜ್ಜಿನ ಮೇಲೆ ಟೈಮ್ ಟೇಬಲ್ಲು, ಒಂಬತ್ತಕ್ಕೆ ಗಣಿತ, ಹತ್ತಕ್ಕೆ ಇಂಗ್ಲಿಷು, ಹನ್ನೊಂದಕ್ಕೆ ಹಾಲು ಬಿಸ್ಕೀಟು, ಹನ್ನೊಂದೂವರೆಗೆ ಕನ್ನಡ. ಶಾಲೆಯನ್ನು ಬೈದು ಹೊರಗೆ ಬಂದವರು ಶಾಲೆಯನ್ನೇ ತಂದು ಮನೆಯೊಳಗೆ ಇಟ್ಟುಕೊಂಡಿದ್ದೆವು. ಒಂದೇ ವ್ಯತ್ಯಾಸವೆಂದರೆ ಅಲ್ಲಿ ಮಿಸ್ಸಿನ ಕಣ್ಣು ಐವತ್ತು ಮಕ್ಕಳ ಮೇಲೆ ಹಂಚಿಹೋಗುತ್ತಿತ್ತು. ಇಲ್ಲಿ ಇಡೀ ದಿನ ಒಂದೇ ಕೂಸಿನ ಮೇಲೆ ನಾಲ್ಕು ಕಣ್ಣು.

ದೀಪಾವಳಿ ಸುಮಾರಿಗೆ ಒಂದು ದಿನ ಗುಣಾಕಾರದ ಲೆಕ್ಕಕ್ಕೆ ನಾನು ಗದರಿಸಿದೆ. ಮಗಳು ಅಳಲಿಲ್ಲ. ಬಹಳ ಶಾಂತವಾಗಿ ಕೇಳಿದಳು: “ಅಪ್ಪಾ, ಸಾಲ್ಯಾಗ ಮಿಸ್ ಸಿಟ್ಟಾದ್ರ ಮನಿಗೆ ಬರಬಹುದಿತ್ತು. ಇಲ್ಲಿ ನೀ ಸಿಟ್ಟಾದ್ರ ಎಲ್ಲಿಗೆ ಹೋಗ್ಲಿ?”

ಮನೆಯಲ್ಲೇ ಕಲಿಸಬೇಕೆಂದು ಉತ್ಸಾಹದಿಂದ ಹೊರಡುವ ಯಾರೇ ನನ್ನ ಹತ್ತಿರ ಬಂದರೂ ನಾನು ಮೊದಲು ಹೇಳುವುದು ಈ ಮಾತನ್ನೇ. ಮಗುವಿಗೆ ಶಾಲೆ ಒಂದು ಲೋಕ, ಮನೆ ಇನ್ನೊಂದು. ಒಂದರಲ್ಲಿ ಪೆಟ್ಟು ಬಿದ್ದರೆ ಇನ್ನೊಂದರಲ್ಲಿ ಮುಲಾಮು ಸಿಗುತ್ತದೆ. ಎರಡನ್ನೂ ಒಂದೇ ಮಾಡಿದಿರೋ, ಮಗುವಿನ ಒಂದು ಆಸರೆಯನ್ನು ನೀವು ಕಿತ್ತುಕೊಂಡ ಹಾಗೆ. ಅದಕ್ಕೆ ಬದಲಾಗಿ ಏನು ಕೊಡುತ್ತೀರಿ ಎಂಬುದಕ್ಕೆ ನಿಮ್ಮ ಬಳಿ ಉತ್ತರ ಇರಬೇಕು.

ಅವತ್ತು ಸಂಜೆ ಹೆಂಡತಿ ಬೋರ್ಡನ್ನು ಗೋಡೆಯಿಂದ ಇಳಿಸಿ ಮಂಚದ ಹಿಂದೆ ಇಟ್ಟಳು. ಇನ್ನೊಂದು ಸತ್ಯವನ್ನೂ ಹೇಳಿಬಿಡುತ್ತೇನೆ. ಪ್ರಯೋಗ ನನ್ನದು, ದುಡಿತ ಅವಳದು. ನಾನು ಎಂಟಕ್ಕೆ ಪಿಂಪ್ರಿಯ ಬಸ್ಸು ಹಿಡಿದರೆ ಬರುವುದು ರಾತ್ರಿ. ಇಡೀ ಹಗಲು ಮಗಳ ಜೊತೆ ಇರುತ್ತಿದ್ದವಳು, ಅದಕ್ಕಾಗಿ ತನ್ನ ಅರ್ಧ ದಿನದ ನೌಕರಿ ಬಿಟ್ಟವಳು ಅವಳು. ಶಾಲೆ ಬಿಡಿಸುವ ಮೊದಲು ನಾನು ಮಗಳನ್ನು ಕೇಳಿರಲಿಲ್ಲ ಎಂದೆನಲ್ಲ, ಹೆಂಡತಿಯನ್ನಾದರೂ ಸರಿಯಾಗಿ ಕೇಳಿದ್ದೆನೇ? ಸ್ನೇಹಿತರ ನಡುವೆ ಕೂತು “ನಾವು ಹೋಂ ಸ್ಕೂಲಿಂಗ್ ಮಾಡ್ತೀವಿ” ಎಂದು ಹೇಳುವಾಗಿನ ಆ ‘ನಾವು’ ಎಷ್ಟು ಪೊಳ್ಳು ಎಂದು ಈಗ ನಾಚಿಕೆಯಾಗುತ್ತದೆ.

ಬೋರ್ಡು ಇಳಿದ ಮೇಲೆಯೇ ನಿಜವಾದ ಕಲಿಕೆ ಶುರುವಾಯಿತು. ಅದೂ ನಾವು ಯೋಚಿಸಿ ಮಾಡಿದ್ದಲ್ಲ. ಸಂಕ್ರಾಂತಿಗೆ ಅವ್ವ ಪುಣೆಗೆ ಬರುವಾಗ ಜೋಳ, ಶೇಂಗಾ ಹೋಳಿಗೆಯ ಜೊತೆ ಹಳೆಯ ಹಿತ್ತಾಳೆಯ ಅಳತೆಗಳನ್ನು ತಂದಿದ್ದಳು. ಚಟಾಕು, ಪಾವು, ಅಚ್ಚೇರು, ಸೇರು. ಮೊಮ್ಮಗಳು ಅಕ್ಕಿ ಸುರಿದು ಸುರಿದು ತಾನೇ ಕಂಡುಕೊಂಡಳು: ನಾಲ್ಕು ಚಟಾಕಿಗೆ ಒಂದು ಪಾವು, ಎರಡು ಪಾವಿಗೆ ಅಚ್ಚೇರು, ನಾಲ್ಕು ಪಾವಿಗೆ ಸೇರು. ಹಾಗಾದರೆ ಚಟಾಕು ಎಂದರೆ ಸೇರಿನ ಎಷ್ಟನೇ ಪಾಲು? ಹದಿನಾರನೇ ಪಾಲು. ಪುಸ್ತಕದ ಭಿನ್ನರಾಶಿ ಮುಂದೆ ಬಂದಾಗ ಅದು ಅವಳಿಗೆ ಗುರುತಿನ ಮುಖವಾಗಿತ್ತು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ಅವ್ವ ನಮ್ಮ ಮನೆಯ ಮೊದಲ ಗಣಿತದ ಮಾಸ್ತರು.

ಪುಣೆಯಲ್ಲಿ ಇರುವುದರ ಲಾಭವೂ ಆಯಿತು. ಕಸದಿಂದ ಆಟಿಕೆ ಮಾಡಿ ಮಕ್ಕಳಿಗೆ ವಿಜ್ಞಾನ ಕಲಿಸಿದ ಅರವಿಂದ ಗುಪ್ತಾ ಅವರು ಇಲ್ಲಿನ ವಿಶ್ವವಿದ್ಯಾಲಯದ ಆವರಣದಲ್ಲಿರುವ ಖಗೋಳ ವಿಜ್ಞಾನ ಕೇಂದ್ರದಲ್ಲಿ ಬಹಳ ವರ್ಷ ಮಕ್ಕಳಿಗಾಗಿ ದುಡಿದವರು. ಅವರ ಪುಸ್ತಕದಲ್ಲಿ ನೋಡಿ ಸೈಕಲ್ಲಿನ ವಾಲ್ವ್ ಟ್ಯೂಬನ್ನು ಸಣ್ಣ ಸಣ್ಣ ತುಂಡು ಮಾಡಿ, ಕಡ್ಡಿಪೆಟ್ಟಿಗೆಯ ಕಡ್ಡಿಗಳನ್ನು ಸಿಕ್ಕಿಸಿ ಆಕಾರಗಳನ್ನು ಮಾಡಿದೆವು. ಚೌಕವನ್ನು ಒತ್ತಿದರೆ ಅದು ವಾಲಿ ಮಲಗುತ್ತದೆ. ತ್ರಿಕೋನ ಮಾತ್ರ ಜಗ್ಗುವುದಿಲ್ಲ. ಮರುದಿನ ಬಸ್ಸಿನಲ್ಲಿ ಹೋಗುವಾಗ ರೈಲ್ವೆ ಸೇತುವೆ, ಕರೆಂಟಿನ ಟವರು, ಕಟ್ಟಡದ ಮೇಲಿನ ಕ್ರೇನು, ಎಲ್ಲೆಲ್ಲೂ ಮಗಳು ತ್ರಿಕೋನ ಎಣಿಸುತ್ತ ಕೂತಳು. ಒಟ್ಟು ಖರ್ಚು ಹತ್ತು ರೂಪಾಯಿಯೂ ಆಗಿರಲಿಕ್ಕಿಲ್ಲ.

ನನಗೆ ಎಲ್ಲಕ್ಕಿಂತ ದೊಡ್ಡ ಪಾಠ ಸಿಕ್ಕಿದ್ದು ಸಂಗಮದ ಸೇತುವೆಯ ಮೇಲೆ. ಮುಳಾ, ಮುಠಾ ಎರಡೂ ನದಿಗಳು ಪುಣೆಯ ನಡುವೆಯೇ ಸೇರುತ್ತವೆ. “ಈ ನೀರು ಎಲ್ಲಿಗೆ ಹೋಗ್ತದ?” ಎಂದು ಮಗಳು ಕೇಳಿದಳು. “ಅರಬ್ಬೀ ಸಮುದ್ರಕ್ಕ” ಎಂದೆ, ಥಟ್ಟನೆ. ಕೊಂಕಣದ ಕರಾವಳಿ ಇಲ್ಲೇ ಘಟ್ಟದ ಆಚೆಗಲ್ಲವೇ? ಮನೆಗೆ ಬಂದು ಅವಳು ನಕಾಶೆ ಬಿಡಿಸಿದಳು. ಬೆರಳಿಟ್ಟುಕೊಂಡು ಹೋದಂತೆ ನನ್ನ ಉತ್ತರ ಬಯಲಾಗುತ್ತ ಹೋಯಿತು. ನೀರು ಪಶ್ಚಿಮಕ್ಕೆ ಹೋಗುವುದೇ ಇಲ್ಲ. ಮುಳಾ-ಮುಠಾ ಹೋಗಿ ಭೀಮೆಗೆ ಸೇರುತ್ತದೆ. ಭೀಮೆ ಉಜನಿ ಅಣೆಕಟ್ಟು, ಪಂಢರಪುರ ದಾಟಿ ಕರ್ನಾಟಕಕ್ಕೆ ಬಂದು, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳನ್ನು ಮುಟ್ಟಿ, ರಾಯಚೂರಿನ ಕಡೆ ಕೃಷ್ಣೆಗೆ ಸೇರಿ, ಕೊನೆಗೆ ಬಂಗಾಳ ಕೊಲ್ಲಿಗೆ. ಹತ್ತು ವರ್ಷ ದಿನಾ ಆ ನದಿ ದಾಟಿ ಕೆಲಸಕ್ಕೆ ಹೋದ ನನಗೆ, ಆ ನೀರು ನಮ್ಮ ನಾಡಿಗೇ ಹೋಗುತ್ತದೆ ಎಂಬುದು ಗೊತ್ತಿರಲಿಲ್ಲ!

“ಅಪ್ಪಗ ಗೊತ್ತಿದ್ದಿಲ್ಲ” ಎಂದು ಮಗಳು ಒಂದು ವಾರ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದಳು. ಅವಳ ಸಂಭ್ರಮ ನೋಡಿ ನನಗೆ ಹೊಳೆಯಿತು. ಮನೆಯಲ್ಲಿ ಕಲಿಸುವುದರಲ್ಲಿ ಹೊಸತು ಎನ್ನುವುದು ಇದ್ದರೆ ಅದು ಸಾಮಾನಿನಲ್ಲಿ ಇಲ್ಲ, ಕಂಪ್ಯೂಟರಿನಲ್ಲಿ ಇಲ್ಲ, ಪರದೇಶದ ಪಠ್ಯಕ್ರಮದಲ್ಲಿಯೂ ಇಲ್ಲ. “ನನಗ ಗೊತ್ತಿಲ್ಲ, ಬಾ ನೋಡೂಣು” ಎಂದು ದೊಡ್ಡವರು ಹೇಳುವುದರಲ್ಲಿ ಇದೆ. ಶಾಲೆಯ ಮಾಸ್ತರರಿಗೆ ಈ ಮಾತು ಹೇಳುವುದು ಕಷ್ಟ. ಅಪ್ಪನಿಗೆ ಅದಕ್ಕಿಂತ ಕಷ್ಟ.

ಇಷ್ಟಾದರೂ ಅವ್ವನ ಪ್ರಶ್ನೆ ಹಾಗೇ ಉಳಿದಿತ್ತು. ಆಗ ನಾನು ಗಾಂಧೀಜಿಯ ಆತ್ಮಕಥೆಯನ್ನು ಮತ್ತೊಮ್ಮೆ ತೆಗೆದೆ. ದಕ್ಷಿಣ ಆಫ್ರಿಕದಲ್ಲಿ ಅವರು ಮಕ್ಕಳನ್ನು ಅಲ್ಲಿನ ಯುರೋಪಿಯನ್ ಶಾಲೆಗೆ ಕಳಿಸಲಿಲ್ಲ. ತಮಗೆ ಸಿಕ್ಕ ವಿನಾಯಿತಿ ಇತರ ಭಾರತೀಯರ ಮಕ್ಕಳಿಗೆ ಇಲ್ಲದಿರುವಾಗ ತಮ್ಮ ಮಕ್ಕಳನ್ನು ಮಾತ್ರ ಅಲ್ಲಿಗೆ ಕಳಿಸಲು ಮನಸ್ಸು ಒಪ್ಪಲಿಲ್ಲ. ಜೊಹಾನ್ಸ್‌ಬರ್ಗಿನಲ್ಲಿ ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ, ಒಟ್ಟು ಐದು ಮೈಲಿ ಮಕ್ಕಳನ್ನು ಜೊತೆಗೆ ನಡೆಸಿಕೊಂಡು ಹೋಗುತ್ತ ಮಾತಿನಲ್ಲೇ ಪಾಠ ಹೇಳುತ್ತಿದ್ದರು. ಮಕ್ಕಳ ಜೊತೆ ಗುಜರಾತಿಯಲ್ಲೇ ಮಾತನಾಡಬೇಕೆಂಬುದು ಅವರ ಹಟ. ಇಂಗ್ಲಿಷು ಕಲಿಸಿ ಎಂದು ಗೆಳೆಯ ಪೋಲಕ್ ಜೊತೆ ದೊಡ್ಡ ವಾದವೇ ನಡೆಯುತ್ತಿತ್ತಂತೆ. ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಇಂದಿಗೂ ನಡೆಯುವ ಜಗಳವೇ ಅದು!

ಆದರೆ ಮಕ್ಕಳಿಗೆ ತಾವು ಅಂದುಕೊಂಡಷ್ಟು ಅಕ್ಷರವಿದ್ಯೆ ಕೊಡಲಾಗಲಿಲ್ಲ, ಆ ಕೊರಗು ಮಕ್ಕಳಿಗೆ ಇದೆ, ಡಿಗ್ರಿ ಆದವರನ್ನು ಕಂಡಾಗ ಅವರಿಗೆ ತಮ್ಮ ಕೊರತೆ ಚುಚ್ಚುತ್ತದೆ ಎಂಬುದನ್ನು ಗಾಂಧೀಜಿ ಮುಚ್ಚಿಡದೆ ಬರೆದುಕೊಂಡಿದ್ದಾರೆ. ಬ್ಯಾರಿಸ್ಟರ್ ಓದುವ ಆಸೆ ಇಟ್ಟುಕೊಂಡಿದ್ದ ಹಿರಿಯ ಮಗ ಹರಿಲಾಲ 1911ರಲ್ಲಿ ತಂದೆಯನ್ನು ಬಿಟ್ಟು ಭಾರತಕ್ಕೆ ಬಂದ. ಮೆಟ್ರಿಕ್ ಮಾಡಲೆಂದು ಅಹಮದಾಬಾದಿಗೆ ಹೋದಾಗ ಅವನಿಗೆ ಇಪ್ಪತ್ತು ದಾಟಿತ್ತು. ಅವನ ಮುಂದಿನ ಬದುಕಿನ ಕಥೆ ಎಲ್ಲರಿಗೂ ಗೊತ್ತು. ಅದಕ್ಕೆಲ್ಲ ಶಾಲೆ ಇಲ್ಲದಿದ್ದದ್ದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಸತ್ಯದ ಪ್ರಯೋಗ ಮಾಡಿದವರಿಗೇ ಮಕ್ಕಳ ವಿಷಯದಲ್ಲಿ ಇಷ್ಟು ಕಷ್ಟವಾಯಿತೆಂದರೆ ನಮ್ಮ ನಿಮ್ಮ ಪಾಡೇನು? ತನ್ನ ಮೇಲೆ ತಾನು ಪ್ರಯೋಗ ಮಾಡಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ. ಮಗುವಿನ ಮೇಲೆ ಮಾಡುವ ಹಕ್ಕು ಯಾರು ಕೊಟ್ಟರು?

ಇದಕ್ಕೆ ಎದುರು ವಾದವೂ ಇದೆ, ಅದು ಸುಳ್ಳೇನಲ್ಲ. ಶಾಲೆಗೆ ಕಳಿಸುವುದೂ ಒಂದು ಪ್ರಯೋಗವೇ. ಅದಕ್ಕೂ ಮಗುವನ್ನು ಯಾರೂ ಕೇಳುವುದಿಲ್ಲ. ಮೂರು ವರ್ಷದ ಕೂಸನ್ನು ಅಳುತ್ತಿರುವಾಗಲೇ ಎತ್ತಿ ವ್ಯಾನಿನಲ್ಲಿ ಕೂರಿಸುತ್ತೇವೆ. ಎಲ್ಲರೂ ಮಾಡುತ್ತಾರೆ ಎಂಬ ಕಾರಣಕ್ಕೆ ಅದು ಪ್ರಯೋಗದ ಹಾಗೆ ಕಾಣುವುದಿಲ್ಲ, ಅಷ್ಟೆ. ನಿಜ. ಆದರೆ ಎಲ್ಲರೂ ಹೋಗುವ ದಾರಿಯಲ್ಲಿ ಮಗು ಎಡವಿದರೆ ಜೊತೆಗೆ ಎಡವಿದವರು ನೂರು ಜನ ಇರುತ್ತಾರೆ. ನಾವು ಒಬ್ಬರೇ ಹಿಡಿದ ದಾರಿಯಲ್ಲಿ ಎಡವಿದರೆ ಅದು ಒಂಟಿ. ಆದ್ದರಿಂದ ಬೇರೆ ದಾರಿ ಹಿಡಿಸಿದವರ ಮೇಲೆ ಒಂದು ಕೈ ಹೆಚ್ಚಿನ ಹೊಣೆ ಇದೆ ಎಂದು ನನಗೆ ತೋರುತ್ತದೆ.

ಈ ಹೊಣೆಯ ಇನ್ನೊಂದು ಮಗ್ಗುಲನ್ನು ನಮಗೆ ತೋರಿಸಿದವಳು ಒಬ್ಬ ಹುಡುಗಿ. 2017ರಲ್ಲಿ ನಮ್ಮ ಸೊಸೈಟಿಯ ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿತ್ತು. ಪುಣೆಯಲ್ಲಿ ಇಟ್ಟಿಗೆ ಹೊರುವವರಲ್ಲಿ ಕಲಬುರಗಿ, ಯಾದಗಿರಿ ಕಡೆಯವರು ಬಹಳ. ಐ.ಟಿ. ಕಂಪನಿಯ ಕನ್ನಡಿಗರು ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಸಿಗುತ್ತಾರೆ. ಇವರು ತಗಡಿನ ಶೆಡ್ಡಿನಲ್ಲಿ ಸಿಗುತ್ತಾರೆ. ಆ ಶೆಡ್ಡಿನ ಮುಂದೆ ನನ್ನ ಮಗಳ ವಾರಿಗೆಯವಳೇ ಒಬ್ಬ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿರುತ್ತಿದ್ದಳು. ಕನ್ನಡ ಕೇಳಿ ಇಬ್ಬರಿಗೂ ದೋಸ್ತಿ ಆಯಿತು. ಮಗಳು ಬಂದು ಕೇಳಿದಳು:

“ಅಪ್ಪಾ, ಅಕೀನೂ ಸಾಲಿಗೆ ಹೋಗೂದಿಲ್ಲಂತ. ಅಕೀದೂ ಹೋಂ ಸ್ಕೂಲಿಂಗೇನು?”

ನನಗೆ ಉತ್ತರ ಸಿಗಲಿಲ್ಲ. ಒಂದೇ ಗೋಡೆಯ ಈಚೆಗೆ ಒಬ್ಬಳು, ಆಚೆಗೆ ಒಬ್ಬಳು. ಇಬ್ಬರೂ ಶಾಲೆಗೆ ಹೋಗುವುದಿಲ್ಲ. ಒಬ್ಬಳಿಗೆ ಅದು ಅಪ್ಪನ ವಿಚಾರಧಾರೆ, ಇನ್ನೊಬ್ಬಳಿಗೆ ಅಪ್ಪನ ಅಸಹಾಯಕತೆ. ನನ್ನ ಅವ್ವ ನಿಂತಿದ್ದದ್ದು ಗೋಡೆಯ ಆಚೆಯ ಹುಡುಗಿಯ ಜಾಗದಲ್ಲಿ. ಶಾಲೆಯನ್ನು ಬೇಡ ಎನ್ನುವ ಸ್ವಾತಂತ್ರ್ಯ ಇರುವುದು, ಬೇಕೆಂದಾಗ ಅದು ಸಿಗುತ್ತದೆ ಎಂದು ಖಾತ್ರಿ ಇರುವವರಿಗೆ ಮಾತ್ರ. ಅದಕ್ಕೇ ಶಿಕ್ಷಣ ಹಕ್ಕಿನ ಕಾಯ್ದೆಯ ಬಗ್ಗೆ ನಾನು ಮೊದಲಿನಷ್ಟು ಹಗುರವಾಗಿ ಮಾತನಾಡುವುದನ್ನು ಬಿಟ್ಟೆ. 2009ರಲ್ಲಿ ಪಾಸಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆ ಕಾಯ್ದೆ, 6ರಿಂದ 14 ವಯಸ್ಸಿನ ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎನ್ನುತ್ತದೆ. ಮನೆಯಲ್ಲಿ ಕಲಿಸುವವರ ಬಗ್ಗೆ ಅದರಲ್ಲಿ ಮಾತಿಲ್ಲ, ಸೇರಿಸದ ಪಾಲಕರಿಗೆ ಶಿಕ್ಷೆಯೂ ಇಲ್ಲ. ನಮ್ಮಂಥವರು ಆ ಸಂದಿಯಲ್ಲಿ ನುಸುಳಿಕೊಂಡವರು. ಆದರೆ ಕಾಯ್ದೆ ಬರೆದವರ ಕಣ್ಣ ಮುಂದೆ ಇದ್ದದ್ದು ನನ್ನ ಮಗಳಲ್ಲ, ತಮ್ಮನನ್ನು ಎತ್ತಿಕೊಂಡು ನಿಂತ ಆ ಹುಡುಗಿ.

ಮಧ್ಯಾಹ್ನ ಎರಡು ತಾಸು ಅವಳೂ, ಅವಳ ತಮ್ಮನೂ ನಮ್ಮ ಮನೆಗೆ ಬರಲು ಶುರು ಮಾಡಿದರು. ಟಾಗೋರರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದಾಗ ಇದ್ದ ಐದೇ ವಿದ್ಯಾರ್ಥಿಗಳಲ್ಲಿ ಒಬ್ಬ ಅವರ ಮಗ. ಸ್ವಂತ ಮಗನಿಗೆ ಬೇಕಾದ್ದನ್ನು ಇತರರ ಮಕ್ಕಳ ಜೊತೆ ಹಂಚಿ ಕೊಟ್ಟರು. ನಮ್ಮದು ಅಷ್ಟು ದೊಡ್ಡದೇನಲ್ಲ. ಆ ಹುಡುಗಿ ಮೂರು ತಿಂಗಳಲ್ಲಿ ಕಾಗುಣಿತ ಮುಗಿಸಿದಳು, ಮಗಳಿಗೆ ಕಲ್ಲಾಟ ಕಲಿಸಿದಳು. ಹತ್ತಿರದ ಸರಕಾರಿ ಶಾಲೆಯಲ್ಲಿ ಹೆಸರು ಹಚ್ಚಿಸಬೇಕೆಂದು ನನ್ನ ಹೆಂಡತಿ ಎರಡು ಸಲ ಹೋಗಿ ಮಾತಾಡಿ ಬಂದಿದ್ದಳು. ಅಷ್ಟರಲ್ಲಿ ಸ್ಲ್ಯಾಬಿನ ಕೆಲಸ ಮುಗಿಯಿತು. ಒಂದು ಬೆಳಿಗ್ಗೆ ಶೆಡ್ಡು ಖಾಲಿ. ಎಲ್ಲಿಗೆ ಹೋದರೆಂದು ಕಾವಲುಗಾರನಿಗೂ ಗೊತ್ತಿರಲಿಲ್ಲ. ಮಗಳು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.

ಆ ವರ್ಷದಿಂದ ನಾವು ಒಂದು ಪದ್ಧತಿ ಇಟ್ಟುಕೊಂಡೆವು. ಪ್ರತಿ ಯುಗಾದಿಗೆ ಬೇವುಬೆಲ್ಲ ತಿಂದ ಮೇಲೆ ಮಗಳನ್ನು ಕೂರಿಸಿಕೊಂಡು ಕೇಳುವುದು: ಈ ವರ್ಷ ಮನ್ಯಾಗೋ, ಸಾಲ್ಯಾಗೋ? ಕೇಳಿದ ಮೇಲೆ ಅವಳು ಹೇಳಿದ ಹಾಗೆ ನಡೆಯುವುದು. ದಾರಿ ಮುಚ್ಚದಿರಲೆಂದು ಆಯಾ ಇಯತ್ತೆಯ ಪುಸ್ತಕಗಳನ್ನೂ ನಡುನಡುವೆ ಓದಿಸುತ್ತಿದ್ದೆವು. ಶಾಲೆ ಬೇಡವೆಂದರೂ ಮುಂದೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಿಂದ ಹತ್ತನೆಯ ಪರೀಕ್ಷೆ ಕಟ್ಟಬಹುದು ಎಂಬುದನ್ನೂ ತಿಳಿಸಿದ್ದೆವು. ಮೊದಲ ವರ್ಷ “ಮನ್ಯಾಗ” ಎಂದಳು. 2019ರ ಯುಗಾದಿಗೆ ಹೇಳಿದಳು: “ಸಾಲಿಗೆ ಹೋಗ್ತೀನಿ. ನಿಮ್ಮಿಬ್ರ ಜೋಡಿ ಮಾತಾಡಿ ಸಾಕಾಗ್ಯದ.”

ನನಗೆ ಪೆಟ್ಟು ಬಿತ್ತು. ಸುಳ್ಳು ಹೇಳುವುದಿಲ್ಲ, ನಾಲ್ಕು ವರ್ಷ ಕಷ್ಟಪಟ್ಟದ್ದು ಇದಕ್ಕೇನು ಎಂದು ಬಾಯಿಯ ತನಕ ಬಂತು. ಹೆಂಡತಿ ನನ್ನ ಕಡೆ ನೋಡಿದಳು. ನುಂಗಿಕೊಂಡೆ. ಕೇಳುವುದು ಎಂದರೆ ನಮಗೆ ಬೇಡವಾದ ಉತ್ತರಕ್ಕೂ ಜಾಗ ಇಟ್ಟುಕೊಂಡು ಕೇಳುವುದು. ಇಲ್ಲವಾದರೆ ಅದು ಕೇಳಿದಂತೆ ನಟಿಸುವುದು. ಜೂನಿನಲ್ಲಿ ಏಳನೇ ಇಯತ್ತೆಗೆ ಸೇರಿದಳು. ಮೊದಲ ತಿಂಗಳು ಬರೆಯುವ ವೇಗ ಸಾಲದೆ ಒದ್ದಾಡಿದಳು, ಮರಾಠಿ ವ್ಯಾಕರಣಕ್ಕೆ ಅತ್ತಳು. ಆದರೆ ಐದು ಜನ ಗೆಳತಿಯರ ಹೆಸರು ಹೇಳುತ್ತ ಮನೆಗೆ ಬಂದಳು. ಆಗ ಮನೆ ಮತ್ತೆ ಮನೆಯಾಯಿತು.

ಒಂಬತ್ತು ತಿಂಗಳಲ್ಲಿ, 2020ರ ಮಾರ್ಚಿನಲ್ಲಿ, ಕೊರೊನಾದಿಂದ ದೇಶದ ಶಾಲೆಗಳೆಲ್ಲ ಮುಚ್ಚಿದವು. ಅವ್ವ ಫೋನು ಮಾಡಿ ನಕ್ಕಳು: “ಈಗ ಊರಾಗಿನ ಹುಡುಗ್ರೆಲ್ಲಾ ನಿನ್ನ ಸಾಲಿಗೆ ಸೇರ್ಯಾರ ನೋಡು!” ನಾಲ್ಕು ವರ್ಷ ಮನೆಯಲ್ಲಿ ಕಲಿತ ಹುಡುಗಿ ಫೋನಿನ ಪರದೆಯ ಮುಂದೆ ಕೂತು, ಸಾಲಿ ಯಾವಾಗ ತೆರೀತಾರ ಎಂದು ಅತ್ತಳು. ಅದೇ ಮನೆ, ಅದೇ ಮೇಜು, ಅದೇ ಅಪ್ಪ ಅವ್ವ. ಆದರೆ ಈ ಸಲ ಬಾಗಿಲು ಹೊರಗಿನಿಂದ ಹಾಕಿತ್ತು.

ಈಗ ಅವಳು ಕಾಲೇಜಿಗೆ ಹೋಗುತ್ತಾಳೆ. ಆ ನಾಲ್ಕು ವರ್ಷ ಹೆಂಗಿದ್ದವು ಎಂದು ಇತ್ತೀಚೆಗೆ ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದಳು: “ಛೊಲೋ ಇದ್ವು. ಮೊದಲ್ನೇ ವರ್ಷ ಒಂದು ಬಿಟ್ಟು.”

ಮೊದಲನೇ ವರ್ಷ ಎಂದರೆ, ನಾವು ಅವಳನ್ನು ಕೇಳದೇ ಇದ್ದ ವರ್ಷ.